ಸಿಕ್ಸ್ ಫೋರ್ಟೀನಿನವರು

ಎಂಟು ಜನರನ್ನು ಕೂರಿಸಿಯಾಗಿತ್ತು, ಒಂಬತ್ತನೆಯವನು ಯಾರೆಂದು ಮಾತ್ರ ಹರ್ಬರ್ಟನಿಗೆ ಹೊಳೆಯುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಸಲ್ಮಾಬಾದಿನ ವರ್ಕ್‌ಶಾಪಿನಿಂದ ನಿನ್ನೆ ಬಂದ ಫ್ರೇಮನ್ನು ಅದರ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ತಗಡಿನ ಡಬ್ಬಿ ತೆರೆದಿಟ್ಟುಕೊಂಡು ಅವನು ಎರಡು ಗಂಟೆ ಹೊತ್ತಿನಿಂದ ಕೂತಿದ್ದ. ಫ್ರೇಮಿನಲ್ಲಿ ಮೂರು ಸಾಲು, ಸಾಲಿಗೆ ಮೂರು ಮನೆ. ಡಬ್ಬಿಯಲ್ಲಿ ನಲವತ್ತೊಂದು ಕಾರ್ಡುಗಳು. ಅರುವತ್ತು ಎಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಬೇಸ್‌ಬಾಲ್ ಆಡುತ್ತಿದ್ದವರ ಬಣ್ಣದ ಚಿತ್ರ ಮುಂದೆ. ಹಿಂಬದಿಯಲ್ಲಿ ಹುಟ್ಟಿದ ತಾರೀಖು, ಊರು, ಅದರ ಕೆಳಗೆ ವರ್ಷಕ್ಕೊಂದರಂತೆ ಅಂಕೆಗಳ ಸಾಲು. ಆ ಅಂಕೆಗಳ ಅರ್ಥವೇನೆಂದು ಹನ್ನೊಂದು ವರ್ಷದಲ್ಲಿ ಅವನು ತಿಳಿದುಕೊಂಡಿರಲಿಲ್ಲ. ಯಾರಾದರೂ ಕೇಳಿದರೆ ‘ಅಮೆರಿಕದವರ ಕ್ರಿಕೆಟ್’ ಎಂದುಬಿಡುತ್ತಿದ್ದ; ಕೇಳಿದವರಿಗೂ ಅಷ್ಟು ಸಾಕಾಗುತ್ತಿತ್ತು. ಅವನಿಗೆ ಬೇಕಾದದ್ದು ಮುಖಗಳು. ಟೊಪ್ಪಿಯ ನೆರಳಿನಲ್ಲಿ ಕಣ್ಣು ಕಿರಿದು ಮಾಡಿ ನೋಡುವವರು, ದಾಂಡನ್ನು ಹೆಗಲ ಮೇಲಿಟ್ಟುಕೊಂಡು ಫೋಟೊ ತೆಗೆಯುವವನ ಮಾತಿಗೆ ನಕ್ಕವರು, ನಗಬೇಕೋ ಬೇಡವೋ ತಿಳಿಯದೆ ಅರ್ಧಕ್ಕೆ ನಿಂತವರು. ಈ ಕೊನೆಯವರ ಮೇಲೆ ಅವನಿಗೆ ವಿಶೇಷ ಪ್ರೀತಿ. ಅವನ ಪಾಸ್‌ಪೋರ್ಟಿನ ಫೋಟೊದಲ್ಲೂ ಅದೇ ಮುಖವಿತ್ತು.

“ಇನ್ನೂ ಆಗ್ಲಿಲ್ವಾ?” ಅಡುಗೆಮನೆಯಿಂದ ವಾಯೊಲೆಟ್ ಕೇಳಿದಳು. “ಒಂದು ಗಂಟೆಗೆ ಲಿಲಿಯನ್ ಬರ್ತಾಳೆ. ಮೇಜು ಬಿಟ್ಟುಕೊಡಿ ಮಾರಾಯ್ರೆ. ಅವಳಿಗೆ ನಿಮ್ಮ ತಲೆ ಮೇಲೆ ಬಡಿಸುದಾ ನಾನು?”

“ಆಯ್ತು, ಒಂದೇ ಉಳಿದದ್ದು.”

“ಆ ಒಂದು ಬೆಳಿಗ್ಗೆಯಿಂದ ಒಂದೇ ಉಂಟು.”

ಲಿಲಿಯನ್ ಮಂಗಳವಾರ ಗಲ್ಫ್ ಬಿಟ್ಟು ಊರಿಗೆ ಹೊರಟಿದ್ದಳು, ಖಾಯಂ ಆಗಿ. ಜುಫೇರಿನ ಹೋಟೆಲಿನಲ್ಲಿ ಹರ್ಬರ್ಟ್ ಹೌಸ್‌ಕೀಪಿಂಗ್ ಮ್ಯಾನೇಜರನಾಗಿದ್ದಾಗ ಅವನ ಕೈಕೆಳಗೆ ಹದಿನಾರು ವರ್ಷ ಕೋಣೆಗಳನ್ನು ಗುಡಿಸಿ, ಹಾಸಿಗೆ ಬಿಡಿಸಿ, ಬಾತ್‌ರೂಮು ತಿಕ್ಕಿದವಳು. ಕಳೆದ ಶುಕ್ರವಾರ ಇಗರ್ಜಿಯ ಅಂಗಳದಲ್ಲಿ ವಾಯೊಲೆಟ್ ಅವಳ ಕೈ ಹಿಡಿದು ಊಟಕ್ಕೆ ಕರೆದುಬಿಟ್ಟಿದ್ದಳು, ಮತ್ತು ಆ ಸಂಗತಿಯನ್ನು ಅವನಿಗೆ ಹೇಳಿದ್ದು ಕಾರಿನಲ್ಲಿ, ಗುಫೂಲಿನ ಸಿಗ್ನಲ್ಲಿನಲ್ಲಿ. “ಒಳ್ಳೇದಾಯ್ತು,” ಎಂದು ಅವನು ಹೇಳಿದ್ದ. ಹಸಿರು ದೀಪ ಬಂದು ಹಿಂದಿನವರು ಎರಡು ಸಲ ಹಾರನ್ ಹೊಡೆಯುವ ತನಕ ಅವನಿಗೆ ಕಾರು ಬಿಡುವುದು ನೆನಪಾಗಲಿಲ್ಲ. ಅವಳು ಈ ಮನೆಗೆ ಹಿಂದೆಂದೂ ಬಂದವಳಲ್ಲ. ಬಂದವಳು ಗೋಡೆ ನೋಡುತ್ತಾಳೆ. ಯಾರ ಮನೆಗೆ ಹೋದರೂ ಮೊದಲು ನೋಡುವುದು ಗೋಡೆಯನ್ನೇ ಅಲ್ಲವೇ? ಗೋಡೆಯ ಮೇಲೆ ಅವಳ ಡಬ್ಬಿಯವರು ಇರುತ್ತಾರೆ.

ಅವಳ ಡಬ್ಬಿ. ಹೀಗೆ ಮನಸ್ಸಿನಲ್ಲಾದರೂ ಹೇಳಿಕೊಳ್ಳಲು ಅವನಿಗೆ ಇಷ್ಟು ವರ್ಷ ಬೇಕಾಯಿತು. ಆರನೇ ಮಾಳಿಗೆಯ ಸಿಕ್ಸ್ ಫೋರ್ಟೀನ್ ಕೋಣೆಯಲ್ಲಿ ಒಂದೂವರೆ ತಿಂಗಳು ಇದ್ದ ಮುದುಕ ಅಮೆರಿಕನ್ ಒಂದು ಬೆಳಿಗ್ಗೆ ಅವಸರದಲ್ಲಿ ಹೊರಟುಹೋಗಿದ್ದ. ಕಪಾಟಿನ ಮೇಲಿನ ಹಲಗೆಯ ಮೂಲೆಯಲ್ಲಿ ಡಬ್ಬಿ ಸಿಕ್ಕಿದ್ದು ಲಿಲಿಯನಿಗೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಗುವನ್ನು ಜ್ಞಾನಸ್ನಾನಕ್ಕೆ ತಂದವಳ ಹಾಗೆ, ಲಿನನ್ ರೂಮಿಗೆ ಬಂದಿದ್ದಳು. “ಸರ್, ಯಾರದ್ದೋ ಸತ್ತವರ ಚಿತ್ರಗಳು. ಪಾಪ, ಬಿಟ್ಟು ಹೋಗಿದ್ದಾರೆ. ಇದನ್ನು ಗೆಸ್ಟುಗಳು ಬಿಟ್ಟುಹೋದ ಚಾರ್ಜರುಗಳ ಒಟ್ಟಿಗೆ ಹಾಕ್ಬೇಡಿ ಸರ್.” ಊರಲ್ಲಿ ಯಾರಾದರೂ ತೀರಿಕೊಂಡರೆ ತಿಂಗಳ ಪೂಜೆಗೆ ಹಂಚುತ್ತಾರಲ್ಲ, ಅಂಗೈಯಷ್ಟು ಕಾರ್ಡು, ಮುಂದೆ ತೀರಿಕೊಂಡವರ ಮುಖ, ಹಿಂದೆ ಹುಟ್ಟಿದ್ದು ಸತ್ತದ್ದು ಮತ್ತೊಂದು ಪ್ರಾರ್ಥನೆ. ಅವಳ ಪ್ರಾರ್ಥನೆ ಪುಸ್ತಕದ ತುಂಬ ಅಂಥವೇ ಇದ್ದವು. ಇವನ್ನೂ ಹಾಗೆಯೇ ತಿಳಿದಿದ್ದಳು. ಮಡಿಸಿದ ಟವೆಲುಗಳ ಮೇಲೆ ನಾಲ್ಕೈದನ್ನು ಹರಡಿ ಕೆಂಪು ಟೊಪ್ಪಿಯ ಒಬ್ಬನನ್ನು ತೋರಿಸಿದ್ದಳು: “ಇವನನ್ನು ನೋಡಿ, ಎಷ್ಟು ಸಣ್ಣ ಪ್ರಾಯ. ಐವತ್ತಾರಕ್ಕೇ ಮುಗಿಯಿತು.” ಹಿಂದಿನ ಅಂಕೆಗಳ ಕೊನೆಯ ಸಾಲಿನ ವರ್ಷವನ್ನು ಅವಳು ಸಾವಿನ ವರ್ಷವೆಂದು ಓದಿದ್ದಳು. ಆಮೇಲೆ ತನ್ನ ಪರ್ಸಿನಿಂದ ತೆಂಗಿನ ಗರಿಯಲ್ಲಿ ಮಡಚಿದ ಒಂದು ಪುಟ್ಟ ಶಿಲುಬೆಯನ್ನು ತೆಗೆದು, ಗರಿಗಳ ಭಾನುವಾರ ಇಗರ್ಜಿಯಲ್ಲಿ ಆಶೀರ್ವಾದವಾದದ್ದು ಎಂದು ಹೇಳಿ, ಆ ಮುಖಗಳ ಮೇಲಿಟ್ಟು ಮುಚ್ಚಳ ಹಾಕಿದಳು. ಹರ್ಬರ್ಟ್ ನಗು ತಡೆದುಕೊಂಡಿದ್ದ. ಸಂಜೆ ವಾಯೊಲೆಟಳಿಗೆ ಹೇಳಿ ನಗಬೇಕೆಂದು ಅದನ್ನು ಹಾಗೆಯೇ ಕಾಪಾಡಿ ಇಟ್ಟುಕೊಂಡಿದ್ದ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಅವನ ಹತ್ತಿರ ಒಂದಕ್ಕಿಂತ ಹೆಚ್ಚು ಉತ್ತರಗಳಿದ್ದವು, ಒಂದೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

ಹೋಟೆಲಿನ ನಿಯಮವನ್ನು ಹೊಸದಾಗಿ ಸೇರಿದವರಿಗೆ ಅವನೇ ಬಾಯಿಪಾಠ ಮಾಡಿಸುತ್ತಿದ್ದ. ಅತಿಥಿ ಬಿಟ್ಟುಹೋದ ವಸ್ತುವನ್ನು ತೊಂಬತ್ತು ದಿನ ಬೀಗ ಹಾಕಿ ಇಡಬೇಕು; ಯಾರೂ ಕೇಳಿ ಬರದಿದ್ದರೆ ಅದು ಸಿಕ್ಕಿದವರಿಗೆ ಸೇರುತ್ತದೆ. ಹಾಗೆ ಹುಡುಗಿಯರಿಗೆ ಅರ್ಧ ಬಾಟಲಿ ಸೆಂಟು, ಕಾಲಿಗೇ ಹಾಕದ ಶೂಗಳು, ಒಮ್ಮೆ ಒಂದು ಗಿಟಾರು ಕೂಡ ಸಿಕ್ಕಿತ್ತು. ತೊಂಬತ್ತೊಂದನೆಯ ದಿನ ಅವನು ಲಿಲಿಯನಳನ್ನು ಕರೆದು ಒಂದು ಫಾರಮ್ಮಿನ ಮೇಲೆ ಸಹಿ ಹಾಕಿಸಿಕೊಂಡ. “ಆ ಮುದುಕನ ಮನೆಯವರ ಅಡ್ರೆಸ್ ಸಿಕ್ಕಿದೆ. ಕಳಿಸ್ತಾ ಇದ್ದೇನೆ. ಇದು ಕೊರಿಯರಿನ ಕಾಗದ.” ವಸ್ತು ತನಗೆ ತಲುಪಿತು ಎಂದು ಸಿಕ್ಕಿದವರು ಬರೆದುಕೊಡುವ ಫಾರಂ ಅದು. ಇಂಗ್ಲಿಷ್ ಓದಲು ಅವಳಿಗೆ ಸ್ವಲ್ಪ ಹೊತ್ತು ಬೇಕಿತ್ತು, ಆ ಹೊತ್ತನ್ನು ಅವನು ಕೊಡಲಿಲ್ಲ. ನಿಜ ಹೇಳಬೇಕೆಂದರೆ ಅಡ್ರೆಸ್ ಸಿಕ್ಕಿದ್ದು ಸುಳ್ಳಲ್ಲ. ಡಬ್ಬಿಯನ್ನು ಕಾರಿನಲ್ಲಿಟ್ಟುಕೊಂಡು ಅಂಚೆ ಕಚೇರಿಯ ತನಕ ಹೋದದ್ದೂ ಸುಳ್ಳಲ್ಲ. ಪಾರ್ಕಿಂಗ್ ಸಿಗಲಿಲ್ಲ, ಅದಕ್ಕೇ ತಿರುಗಿ ಬಂದೆ ಎಂದು ಒಮ್ಮೆ ನೆನಪಾಗುತ್ತದೆ. ಪಾರ್ಕಿಂಗ್ ಸಿಕ್ಕಿತ್ತು, ಕಾರು ನಿಲ್ಲಿಸಿ ಕೂತು ಒಬ್ಬೊಬ್ಬರನ್ನೇ ನೋಡುತ್ತ ಹೋದೆ, ಆಮೇಲೆ ಇಳಿಯಲು ಮನಸ್ಸಾಗಲಿಲ್ಲ ಎಂದು ಇನ್ನೊಮ್ಮೆ ನೆನಪಾಗುತ್ತದೆ. ಎರಡರಲ್ಲೂ ಸೆಕೆ ಅಷ್ಟೇ ಇತ್ತು, ಸ್ಟೀರಿಂಗ್ ಅಷ್ಟೇ ಸುಡುತ್ತಿತ್ತು. ಒಬ್ಬ ಅಮೆರಿಕನ್ ಹೋಗುವಾಗ ಪ್ರೀತಿಯಿಂದ ಕೊಟ್ಟುಹೋದ ಎಂದು ವಾಯೊಲೆಟಳಿಗೆ ಹೇಳಿದ. ಮರುವರ್ಷ ನವೆಂಬರಿನಲ್ಲಿ, ಸತ್ತವರ ಹಬ್ಬದ ಹೊತ್ತಿಗೆ, ಲಿಲಿಯನ್ ಲಿಫ್ಟಿನ ಹತ್ತಿರ ಅವನನ್ನು ನಿಲ್ಲಿಸಿ, “ಸರ್, ಸಿಕ್ಸ್ ಫೋರ್ಟೀನಿನವರಿಗೆ ಅಂತ ಒಂದು ಪೂಜೆ ಹೇಳಿಸಿದ್ದೇನೆ,” ಎಂದಿದ್ದಳು. “ಒಳ್ಳೇದಾಯ್ತು,” ಎಂದಿದ್ದ ಆಗಲೂ. ಅವನ ಬಾಯಿಗೆ ಕಷ್ಟದ ಹೊತ್ತಿನಲ್ಲಿ ಬರುವುದು ಅದೊಂದೇ ಮಾತು.

ಫೋನು ಗುರುಗುಟ್ಟಿತು. ಸೀಫಿನಲ್ಲಿ ಆಫೀಸು, ಅಲ್ಲೇ ಹತ್ತಿರ ಮನೆ ಮಾಡಿರುವ ಮಗ ರೋನ್ಸನ್. ರಿಟೈರಾದ ಅಪ್ಪನಿಗೆ ಈ ಫ್ರೇಮು ಅವನದೇ ಉಡುಗೊರೆ.

“ಡ್ಯಾಡಿ, ನಾನು ಕಳಿಸಿದ ಲಿಸ್ಟ್ ಪ್ರಕಾರ ಹಾಕಿದ್ರಾ? ನನ್ನ ಆಫೀಸಿನವ ಎಲ್ಲಾ ಫೋಟೊ ನೋಡಿ ಹೇಳಿದ್ದು. ಆ ನೈನ್ ಮಾತ್ರ ಕ್ಲಾಸಿಕ್. ಬಾಕಿ ಎಲ್ಲ ಸುಮ್ನೆ ಫಿಲ್ಲರ್ಸ್.”

“ಹಾಕ್ತಾ ಇದ್ದೇನೆ.”

“ರೆಡ್ ಕ್ಯಾಪ್‌ನವ ಮಧ್ಯದಲ್ಲಿ ಬರ್ಬೇಕು, ಹಾಂ. ಅದು ರೂಕಿ ಕಾರ್ಡ್. ಅವನ ಫಸ್ಟ್ ಇಯರ್.”

ಹರ್ಬರ್ಟ್ ಫೋನಿಟ್ಟ. ಮೊದಲ ವರ್ಷವಂತೆ. ಲಿಲಿಯನ್ ಅದನ್ನೇ ಕೊನೆಯ ವರ್ಷ ಎಂದಿದ್ದಳು. ಕೆಂಪು ಟೊಪ್ಪಿಯವನು ಬೆಡ್‌ಶೀಟಿನ ಮೇಲೆ ಮೊಗಚಿ ಬಿದ್ದಿದ್ದ, ಬೆಳಗಿನಿಂದ ಅವನನ್ನು ಹತ್ತು ಸಲ ಮಧ್ಯದ ಮನೆಯಲ್ಲಿಟ್ಟು ಹತ್ತು ಸಲ ತೆಗೆದಾಗಿತ್ತು. ಮಗನ ಪಟ್ಟಿಯಲ್ಲಿ ಅವನೇ ಮೊದಲಿಗ. ಹರ್ಬರ್ಟನ ಮನಸ್ಸಿನ ಪಟ್ಟಿಯಲ್ಲೂ ಅವನೇ. ಹಲ್ಲು ಕಾಣದ ಹಾಗೆ ನಗಲು ಹೋಗಿ, ಒಂದು ಹಲ್ಲು ಮಾತ್ರ ಕಂಡುಬಿಟ್ಟ ಇಪ್ಪತ್ತರ ಹುಡುಗ. ಆದರೆ ಇವತ್ತು ಹರ್ಬರ್ಟನ ಕೈಗಳು ಆರಿಸುತ್ತಿದ್ದದ್ದು ಮೂರನೆಯ ಒಂದು ಪಟ್ಟಿಯ ಪ್ರಕಾರ: ಲಿಲಿಯನಿಗೆ ಗುರುತು ಸಿಗದವರು. ಅಂದು ಟವೆಲಿನ ಮೇಲೆ ಅವಳು ಹರಡಿದ್ದು ನಾಲ್ಕೋ ಐದೋ? ಮೀಸೆಯವನಿದ್ದನೇ? ಕೈಗವುಸನ್ನು ಎದೆಗೆ ಒತ್ತಿಕೊಂಡ ಬೋಳುತಲೆಯವನು? ಒಬ್ಬೊಬ್ಬನನ್ನು ಎತ್ತಿ ಹಿಡಿದು, ನಿನ್ನನ್ನು ಅವಳು ನೋಡಿದ್ದಾಳಾ ಎಂದು ಕೇಳುವ ಹಾಗೆ ಮುಖಕ್ಕೆ ಮುಖ ಕೊಟ್ಟ. ಅವರಿಗೆ ಅವರ ಬಿಸಿಲಿನದೇ ಚಿಂತೆ. ಹಾಗೆ ಒಬ್ಬೊಬ್ಬರನ್ನು ಬಿಟ್ಟುಕೊಟ್ಟು, ಮಗನ ಪಟ್ಟಿಯವರನ್ನು ಬಿಟ್ಟುಕೊಟ್ಟು, ತನಗೆ ಬೇಕಾದವರನ್ನು ಬಿಟ್ಟುಕೊಟ್ಟು ಕೊನೆಗೆ ಎಂಟು ಮನೆಗಳಲ್ಲಿ ಕೂತವರು ಯಾರಿಗೂ ಬೇಡದ ಎಂಟು ಜನ: ಒಬ್ಬನ ಮುಖದ ಮೇಲೆ ಟೊಪ್ಪಿಯ ನೆರಳು ಬಿದ್ದು ಮೂಗು ಮಾತ್ರ ಉಳಿದಿತ್ತು, ಇನ್ನೊಬ್ಬ ಬೇರೆಲ್ಲೋ ನೋಡುತ್ತಿದ್ದ, ಮತ್ತೊಬ್ಬನಿಗೆ ಕಾಫಿಯದೋ ಏನೋ ಕಲೆ. ಇದು ತನ್ನ ಸಂಗ್ರಹವೇ? ಗೋಡೆಯ ಮೇಲೆ ತನ್ನ ಸುಖಕ್ಕೆಂದು ಹಾಕಿಕೊಳ್ಳುವುದರಲ್ಲೂ ತನಗೆ ಬೇಡವಾದವರನ್ನೇ ಹಾಕುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರು ಸರಿ ಉತ್ತರಕ್ಕೊಂದು ಸಂತರ ಚಿತ್ರ ಕೊಡುತ್ತಿದ್ದರು. ಉತ್ತರ ಗೊತ್ತಿದ್ದೂ ಕೈ ಎತ್ತದೆ, ಪಕ್ಕದವನಿಗೆ ಸಿಕ್ಕಿದ ಸಂತ ಅಂತೋನಿಯನ್ನು ಪುಸ್ತಕದೊಳಗಿಂದ ಮೆಲ್ಲಗೆ ಎಳೆದುಕೊಂಡದ್ದು ಅವನೇ ತಾನೆ? ಅಥವಾ ಪಕ್ಕದವನು ತನ್ನದನ್ನು ಎಳೆದುಕೊಂಡದ್ದೋ? ಈಗ ಅದೂ ಸರಿಯಾಗಿ ನೆನಪಿಲ್ಲ.

ಗರಿಯ ಶಿಲುಬೆ ಮೇಲಿನಿಂದ ಜಾರಿ ಡಬ್ಬಿಯ ತಳ ಸೇರಿತ್ತು. ಹನ್ನೊಂದು ವರ್ಷ ಅದನ್ನು ಎಸೆಯಲು ಅವನಿಗಾಗಿರಲಿಲ್ಲ, ಏಕೆಂದರೆ ಆಶೀರ್ವಾದವಾದ ಗರಿಯನ್ನು ಎಸೆಯುವಂತಿಲ್ಲ; ಸುಡಬೇಕು, ಇಲ್ಲವೆ ವಿಭೂತಿ ಬುಧವಾರದ ಬೂದಿಗೆಂದು ಇಗರ್ಜಿಗೆ ಹಿಂತಿರುಗಿಸಬೇಕು. ಪರರ ಸೊತ್ತನ್ನು ಮನೆಗೆ ತರಲು ಹಿಂಜರಿಯದವನು ಒಣಗರಿಯನ್ನು ಕಸದ ಬುಟ್ಟಿಗೆ ಹಾಕಲು ಹೆದರಿದ್ದ. ಇವತ್ತು ಬೆಳಿಗ್ಗೆ ವಾಯೊಲೆಟ್ ಮೊದಲ ಪೂಜೆಗೆ ಹೋಗಿದ್ದಾಗ, ಮೊಣಕಾಲು ನೋವೆಂದು ಮನೆಯಲ್ಲೇ ಉಳಿದವನು ಡಬ್ಬಿ ತೆರೆದ. ಕಾರ್ಡುಗಳಾದರೆ ನಲವತ್ತೊಂದಿವೆ, ಲೋಕದಲ್ಲಿ ಅಂಥವು ಇನ್ನೂ ಇದ್ದಾವು, ಬೇರೆಲ್ಲೋ ಸಿಕ್ಕಿತೆಂದು ಹೇಳಬಹುದು. ಗರಿ ಒಂದೇ. ಒಂಬತ್ತು ಗಂಟೆಗೆ ಗ್ಯಾಸ್ ಹಚ್ಚಿ, ಇಕ್ಕಳದಲ್ಲಿ ಹಿಡಿದು ಅದನ್ನು ಸುಟ್ಟ. ಮುಂದಿನ ಬುಧವಾರವೇ ವಿಭೂತಿ ಬುಧವಾರ, ಹೇಗೂ ಎಲ್ಲರ ಮನೆಯ ಗರಿಗಳನ್ನೂ ಸುಡುವ ವಾರ, ನಾನು ಬೇರೇನು ಮಾಡುತ್ತಿದ್ದೇನೆ ಎಂದುಕೊಂಡ. ಅದು ಒಂದೇ ಕ್ಷಣದಲ್ಲಿ ಉರಿದುಹೋಯಿತು. ಬೂದಿಯನ್ನೂ ಮೋರಿಗೆ ಬಿಡುವಂತಿಲ್ಲ, ಮಣ್ಣಿಗೆ ಸೇರಿಸಬೇಕು. ಮೂರನೇ ಮಾಳಿಗೆಯ ಮನೆಯಲ್ಲಿ ಮಣ್ಣೆಂದರೆ ಬಾಲ್ಕನಿಯ ಕರಿಬೇವಿನ ಕುಂಡ. ಅಲ್ಲಿ ಬೆರಳಿನಿಂದ ಕೆದಕಿ ಮುಚ್ಚಿದ. ಮುಗಿಯಿತು ಎಂದುಕೊಂಡಾಗ ಎದೆ ಹಗುರವಾಗಲಿಲ್ಲ. ಹಲ್ಲು ಕೀಳಿಸಿಕೊಂಡವನ ನಾಲಗೆ ಮತ್ತೆ ಮತ್ತೆ ಆ ಸಂದಿಗೇ ಹೋಗುವ ಹಾಗೆ ಅವನ ಕೈ ಡಬ್ಬಿಯ ತಳಕ್ಕೇ ಹೋಗುತ್ತಿತ್ತು.

ಮಸೀದಿಯಿಂದ ಶುಕ್ರವಾರದ ಪ್ರವಚನ ಕೇಳಿಸಿ, ನಿಂತು, ಬೀದಿಯಲ್ಲಿ ಮತ್ತೆ ಕಾರುಗಳು ಹೊರಡುವ ಸದ್ದು ಎದ್ದಿತು. “ಇವತ್ತು ಬೇಡ ವಾಯ್ಲೆಟ್,” ಎಂದ ಅವನು. “ಇದನ್ನು ನಾಳೆ ಹಾಕುವ. ಸರಿ ಕಾಣುದಿಲ್ಲ.”

“ನಾಳೆಯಾ? ಮೊನ್ನೆ ಡ್ರಿಲ್ ತರ್ಸಿ ಗೋಡೆಗೆ ತೂತು ಮಾಡಿಟ್ಟಿದ್ದೀರಿ. ಅವಳು ಬಂದು ತೂತು ನೋಡ್ಬೇಕಾ?” ವಾಯೊಲೆಟ್ ಕೈ ಒರೆಸಿಕೊಳ್ಳುತ್ತ ಬಂದು ಬೆಡ್‌ಶೀಟಿನ ಮೇಲೆ ಕಣ್ಣಾಡಿಸಿದಳು. “ಇದೆಂತ, ಚಂದ ಇದ್ದವರನ್ನೆಲ್ಲ ಹೊರಗೆ ಕೂರಿಸಿದ್ದೀರಲ್ಲ! ಇಗೋ, ಇವ. ಇವನ ನಗು ಎಷ್ಟು ಚಂದ ಉಂಟು.” ಮೊಗಚಿ ಬಿದ್ದಿದ್ದ ಕೆಂಪು ಟೊಪ್ಪಿಯವನನ್ನು ಎತ್ತಿ, ನಡುವಿನ ಖಾಲಿ ಮನೆಯಲ್ಲಿಟ್ಟು, ಹಿಂದಿನ ಹಲಗೆ ಮುಚ್ಚಿ ನಾಲ್ಕೂ ಕ್ಲಿಪ್ಪು ಒತ್ತಿದಳು. ಹತ್ತು ಸೆಕೆಂಡಿನ ಕೆಲಸ. ಹರ್ಬರ್ಟ್ ಬೇಡ ಎನ್ನಬಹುದಿತ್ತು. ಎನ್ನದೆ, ಫ್ರೇಮಿನ ಒಂದು ಬದಿ ಹಿಡಿದು ಗೋಡೆಗೆ ಎತ್ತಿಕೊಟ್ಟ. ತಾನು ಬೆಳಗಿನಿಂದ ಕಾಯುತ್ತಿದ್ದದ್ದು ಇದಕ್ಕೇ ಏನೋ, ಬೇರೆ ಯಾರಾದರೂ ಆರಿಸಿಬಿಡಲಿ ಎಂದು. ಕೆಂಪು ಟೊಪ್ಪಿಯವನು ಒಂದೇ ಹಲ್ಲು ತೋರಿಸಿಕೊಂಡು ಗೋಡೆ ಏರಿದ. ಬಾಗಿಲ ಬೆಲ್ ಆಯಿತು.

ಲಿಲಿಯನ್ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಕೇಕಿನ ಡಬ್ಬಿಯನ್ನು ವಾಯೊಲೆಟಳ ಕೈಗೆ ಕೊಟ್ಟು, ಹರ್ಬರ್ಟನಿಗೆ, “ಸರ್, ಚೆನ್ನಾಗಿದ್ದೀರಾ?” ಎಂದು ಈಗಲೂ ಡ್ಯೂಟಿಯಲ್ಲಿ ಇರುವವಳಂತೆ ನೆಟ್ಟಗೆ ನಿಂತು ಕೇಳಿದಳು. ಗೋಡೆಗೆ ಬೆನ್ನಾಗುವ ಕುರ್ಚಿಯನ್ನು ಅವನೇ ಎಳೆದುಕೊಟ್ಟ. ಮ್ಯಾನೇಜರು ತನಗೆ ಕುರ್ಚಿ ಎಳೆದದ್ದು ನೋಡಿ ಅವಳಿಗೆ ಸಂಕೋಚವಾಯಿತು. ಸಾನ್ನಾ ಬಂತು, ಕೋಳಿ ಸಾರು ಬಂತು. ಊರಲ್ಲಿ ಮನೆಗೆ ಹೊಸ ಹೆಂಚು ಹಾಕಿಸಿದ್ದು, ಮಂಗಳವಾರದ ವಿಮಾನದಲ್ಲಿ ಲಗೇಜು ಜಾಸ್ತಿಯಾದೀತೆಂಬ ಭಯ, ಎಲ್ಲ ಹೇಳಿದಳು. ಅವಳು ನಕ್ಕಾಗಲೆಲ್ಲ ಅವಳ ತಲೆಯ ಮೇಲ್ಗಡೆ ಕೆಂಪು ಟೊಪ್ಪಿಯವನೂ ನಗುತ್ತಿದ್ದ. ಹರ್ಬರ್ಟ್ ಉಣ್ಣುವುದನ್ನು ಮರೆತು, ಅವಳು ತಿರುಗದಿರಲಿ ಎಂದು ಒಮ್ಮೆ, ತಿರುಗಿಬಿಡಲಿ ಎಂದು ಒಮ್ಮೆ, ಬೇಡಿಕೊಳ್ಳುತ್ತಿದ್ದ.

“ನೋಡು ಲಿಲಿಯನ್, ಇವರ ಹೊಸ ಶೋ,” ಎಂದಳು ವಾಯೊಲೆಟ್. “ಒಬ್ಬ ಅಮೆರಿಕದವ ಇವರಿಗೆ ಪ್ರೀತಿಯಿಂದ ಕೊಟ್ಟುಹೋದದ್ದಂತೆ. ಬೆಳಿಗ್ಗೆಯಿಂದ ಇದೇ ಕೆಲಸ.”

ಲಿಲಿಯನ್ ಕುರ್ಚಿಯಲ್ಲೇ ತಿರುಗಿದಳು. ಆಮೇಲೆ ಎದ್ದಳು. ಎಂಜಲು ಕೈಯನ್ನು ಬಟ್ಟೆಗೆ ತಾಗದ ಹಾಗೆ ದೂರ ಹಿಡಿದುಕೊಂಡು ಫ್ರೇಮಿನ ಮುಂದೆ ನಿಂತಳು. ಯಾರಿಗೂ ಗುರುತು ಸಿಗದಿರಲೆಂದು ಆರಿಸಿದ್ದ ಆ ಎಂಟು ಮುಖಗಳನ್ನೂ ಅವಳು ಸಾಲಾಗಿ ನೋಡಿದಳು, ಪ್ರತಿಯೊಬ್ಬನಲ್ಲೂ ಅಷ್ಟಷ್ಟು ಹೊತ್ತು ನಿಂತು.

“ಸಿಕ್ಸ್ ಫೋರ್ಟೀನಿನವರು,” ಎಂದಳು ಮೆಲ್ಲಗೆ. “ಸರ್, ಹಾಗಾದ್ರೆ ಇವರು ಅಮೆರಿಕಕ್ಕೆ ಹೋಗ್ಲೇ ಇಲ್ವಾ?”

“ಇಲ್ಲ,” ಎಂದ ಹರ್ಬರ್ಟ್. “ಕಳಿಸ್ಲಿಲ್ಲ ಲಿಲಿಯನ್. ಅದು ನಿನಗೆ ಸೇರ್ಬೇಕಿತ್ತು, ನಾನು ಇಟ್ಟುಕೊಂಡೆ. ಇವರು ಸತ್ತವರೂ ಅಲ್ಲ, ಆಟದವರು. ಆಗಲೇ ನನಗೆ ಗೊತ್ತಿತ್ತು. ನೀನು ತಕ್ಕೊಂಡು ಹೋಗು, ಎಲ್ಲಾ ತಕ್ಕೊಂಡು ಹೋಗು.” ವಾಯೊಲೆಟಳ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ಲಿಲಿಯನ್ ಬೈಯುತ್ತಾಳೆ, ಅಳುತ್ತಾಳೆ, ಕೇಕಿನ ಡಬ್ಬಿ ಎತ್ತಿಕೊಂಡು ಹೊರಟೇ ಹೋಗುತ್ತಾಳೆ ಎಂದು ಅವನು ಕಾದ. ಎಲ್ಲಕ್ಕೂ ಅವನು ತಯಾರಿದ್ದ. ತಯಾರಿಲ್ಲದ್ದು ಒಂದಕ್ಕೆ ಮಾತ್ರ: ಕನ್ನಡಕದ ಹಿಂದೆ ಅವಳ ಮುಖ ಸಂತೋಷದಿಂದ ಅರಳಿತು.

“ಹಾಗಾದ್ರೆ ಗರಿಯೂ ಇಲ್ಲೇ ಉಂಟಾ ಸರ್?”

ಅವನು ಅರ್ಥವಾಗದವನ ಹಾಗೆ ನೋಡಿದ.

“ಅಮ್ಮ ಮಡಚಿದ್ದು ಸರ್ ಅದು. ಆ ಜೂನ್‌ನಲ್ಲಿ ಅಮ್ಮ ಹೋದ್ರಲ್ಲ. ಮತ್ತೆ ನೋಡುವಾಗ ಅವರ ಕೈಯದ್ದು ನನ್ನತ್ರ ಒಂದೂ ಇಲ್ಲ. ಅದೊಂದು ಇದ್ದದ್ದು ಅಮೆರಿಕಕ್ಕೆ ಹೋಯ್ತಲ್ಲ ಅಂತ...” ಅವಳು ನಕ್ಕಳು. “ಕಾರ್ಡು ನೀವೇ ಇಟ್ಕೊಳ್ಳಿ ಸರ್, ನನಗೆಂತಕ್ಕೆ? ಗರಿ ಮಾತ್ರ ಕೊಡಿ.”

ಹರ್ಬರ್ಟ್ ಎದ್ದು ಒಳಗೆ ಹೋದ. ಮೇಜು ಬಿಡುವಾಗ ಉಳಿದವರನ್ನು ತುಂಬಿ ಮಂಚದ ಮೇಲಿಟ್ಟಿದ್ದ ಡಬ್ಬಿಯನ್ನು ತೆರೆದು, ಮೂವತ್ತೆರಡು ಕಾರ್ಡುಗಳನ್ನೂ ಹೊರಗೆ ತೆಗೆದು, ಖಾಲಿ ತಳವನ್ನು ನೋಡಿದ. ಇಲ್ಲವೆಂದು ಗೊತ್ತಿದ್ದೂ ಬೆರಳಾಡಿಸಿದ. ಹೊರಗೆ ಬಂದಾಗ ಇಬ್ಬರೂ ಅವನ ಕೈಯನ್ನೇ ನೋಡುತ್ತಿದ್ದರು.

“ಸುಟ್ಟೆ,” ಎಂದ.

ಲಿಲಿಯನಳ ಮುಖದಲ್ಲಿ ಏನೋ ಇಳಿಯಿತು, ಆದರೂ ಅವಳೇ ಅವನ ಸಹಾಯಕ್ಕೆ ಬಂದಳು. “ಸುಡುದೇ ಅಲ್ವಾ ಸರ್. ಎಸೀಲಿಕ್ಕೆ ಆಗುದಿಲ್ಲ. ಎಷ್ಟು ವರ್ಷ ಅಂತ ಇಡ್ತೀರಿ ನೀವಾದ್ರೂ.” ಸ್ವಲ್ಪ ತಡೆದು, “ಯಾವಾಗ ಸುಟ್ಟದ್ದು?” ಎಂದಳು.

ಹನ್ನೊಂದು ವರ್ಷಗಳಿದ್ದವು. ಯಾವುದನ್ನು ಬೇಕಾದರೂ ಆರಿಸಬಹುದಿತ್ತು. ‘ಆ ವರ್ಷವೇ’ ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಅವಳು ಅವನನ್ನು ಯಾವಾಗಲೂ ನಂಬಿದವಳೇ. “ಇವತ್ತು,” ಎಂದ ಹರ್ಬರ್ಟ್. “ಬೆಳಿಗ್ಗೆ. ಒಂಬತ್ತಕ್ಕೆ.”

“ಇವತ್ತಾ?”

ಅವನು ಬಾಲ್ಕನಿಯ ಕಡೆ ಕೈ ತೋರಿಸಿದ. “ಬೂದಿ ಆ ಕುಂಡದಲ್ಲಿ...” ವಾಯೊಲೆಟ್, “ಅದಕ್ಕೆ ನಾನು ಹತ್ತು ಗಂಟೆಗೇ ನೀರು ಹಾಕಿದೆ,” ಎಂದು ತನ್ನದೇ ತಪ್ಪೆಂಬಂತೆ ಹೇಳಿದಳು. ಲಿಲಿಯನ್ ಬಾಗಿಲು ಸರಿಸಿ ಹೊರಗೆ ಹೋದಳು. ಹರ್ಬರ್ಟ್ ಹಿಂದೆಯೇ ಹೋದ. ಅವಳು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಡಗೈಯ ಬೆರಳಿನಿಂದ ಒದ್ದೆ ಮಣ್ಣನ್ನು ಅಲ್ಲಲ್ಲಿ ಒತ್ತಿ ನೋಡಿದಳು. ಕಪ್ಪು ಯಾವುದು ಮಣ್ಣು ಯಾವುದು ತಿಳಿಯುವಂತಿರಲಿಲ್ಲ. ಬೆರಳ ತುದಿಗೆ ಹತ್ತಿದ್ದನ್ನು ಹಿಡಿದುಕೊಂಡೇ ಎದ್ದು ಅವನ ಕಡೆ ತಿರುಗಿದಳು. ಯಾಕೆಂದು ತಿಳಿಯದೆ, ಅರುವತ್ತೊಂದು ವರ್ಷದ ಹರ್ಬರ್ಟ್, ವಿಭೂತಿ ಬುಧವಾರ ಪಾದ್ರಿಯ ಮುಂದೆ ಹಣೆಗೆ ಬೂದಿ ಹಾಕಿಸಿಕೊಳ್ಳಲು ನಿಲ್ಲುವಂತೆ, ಕಣ್ಣು ಮುಚ್ಚಿ ತಲೆ ಬಾಗಿಸಿದ. ಹಾಕಲಿ. ಹಣೆ ಪೂರ್ತಿ ಬಳಿದುಬಿಡಲಿ. ಕೆಳಗೆ ಯಾರೋ ಕಾರಿನ ಬಾಗಿಲು ಹಾಕಿದರು, ಯಾರೋ ಯಾರನ್ನೋ ಅರಬ್ಬಿಯಲ್ಲಿ ಕರೆದರು. ಅವನು ಕಾದ.

ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಕಣ್ಣು ತೆರೆದಾಗ ಬಾಲ್ಕನಿಯಲ್ಲಿ ಅವನೊಬ್ಬನೇ ಇದ್ದ. ಒಳಗೆ ಲಿಲಿಯನ್ ಕೈ ತೊಳೆಯುತ್ತ, “ಸ್ವಲ್ಪ ಅನ್ನ ಹಾಕಿ ವಾಯೊಲೆಟ್ ಬಾಯಿ, ಬಡಿಸಿದ್ದನ್ನು ಬಿಟ್ಟು ಏಳ್ಬಾರ್ದು,” ಎನ್ನುತ್ತಿದ್ದಳು.